ನೆನಪಿಲ್ಲ ಎಂದ ಮೇಷ್ಟ್ರು

ನಾವು ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂದು ಎದೆ ಮುಟ್ಟಿ ಹೇಳುವವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಇರಬಹುದು. ಕದ್ದಿಲ್ಲ, ಹೊಡೆದಿಲ್ಲ, ಇನ್ನೊಬ್ಬರ ಮನೆ ಮುರಿದಿಲ್ಲ. ಒಪ್ಪಿದೆ. ಇವತ್ತು ಅಂಥವರೇ ಒಬ್ಬರ ಕಥೆ ಹೇಳುತ್ತೇನೆ. ಅವರೂ ಏನೂ ಮಾಡಲಿಲ್ಲ. ಏನೂ ಮಾಡಲಿಲ್ಲ, ನೋಡಿ, ಅದೇ ಕಥೆ.

ಬಯಲುಸೀಮೆಯ ಒಂದು ಜಿಲ್ಲಾ ಊರಿನಲ್ಲಿ ಒಂದು ವಿಶ್ವವಿದ್ಯಾಲಯ. ಅಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು ಒಬ್ಬರು. ಅವರ ಹೆಸರು ಬೇಡ. ಹೆಸರು ಹೇಳಿದರೆ ಅದು ಯಾರೋ ಬೇರೆಯವರ ಕಥೆ ಎಂದುಕೊಂಡು ನೀವು ಗೋಡೆಗೆ ಒರಗಿ ಕೂತುಬಿಡುತ್ತೀರಿ.

ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಹುಡುಗರು ಪದವಿ ಪಡೆದು ಊರಿಗೆ ಹೋಗಿ ಸುಮ್ಮನೆ ಕೂರುವುದನ್ನು ನೋಡಿ ನೋಡಿ ಅವರಿಗೆ ಸಂಕಟವಾಗಿತ್ತು. ಬುದ್ಧಿ ಇಲ್ಲದ ಮಕ್ಕಳೇನಲ್ಲ. ಕೆಲಸ ಕೊಡುವವರಿಗೆ ಈ ಮಕ್ಕಳ ಮುಖ ಗೊತ್ತಿಲ್ಲ, ಈ ಮಕ್ಕಳಿಗೆ ಕೆಲಸ ಕೊಡುವವರ ಮುಖ ಗೊತ್ತಿಲ್ಲ, ಅಷ್ಟೇ. ಹಾಗಾಗಿ ಮೇಷ್ಟ್ರು ಕುಲಪತಿಗಳ ಹಿಂದೆ ಬಿದ್ದು ಸೈಬರ್ ಸುರಕ್ಷತೆಯ ಕೋರ್ಸು ತಂದರು. ಏನದು ಸೈಬರ್ ಸುರಕ್ಷತೆ? ನಿಮ್ಮ ಬ್ಯಾಂಕಿನ ಖಾತೆ, ನಿಮ್ಮ ಫೋಟೋ, ನಿಮ್ಮ ಮನೆಯ ವಿಳಾಸ, ಎಲ್ಲವೂ ಈಗ ಯಾವುದೋ ಕಂಪ್ಯೂಟರಿನಲ್ಲಿ ಕೂತಿದೆಯಲ್ಲ, ಅದು ಕಳ್ಳರ ಕೈಗೆ ಸಿಗದಂತೆ ಕಾಯುವ ವಿದ್ಯೆ.

ಆ ಕೆಲಸವನ್ನೇ ಮಾಡುವವರನ್ನು ಮೇಷ್ಟ್ರು ದೊಡ್ಡ ದೊಡ್ಡ ಊರುಗಳಿಂದ ಕರೆಸತೊಡಗಿದರು. ಶನಿವಾರ ಬಂತೆಂದರೆ ತಾವೇ ರೈಲ್ವೆ ಸ್ಟೇಷನ್ನಿಗೆ ಹೋಗಿ ಕಾಯುವುದು. ಬಂದವರಿಗೆ ಮೇಷ್ಟ್ರ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಮಧ್ಯಾಹ್ನವಿಡೀ ವಿದ್ಯಾರ್ಥಿಗಳು ಅವರ ಸುತ್ತ ಕೂತು ಕೇಳುವುದು. ಆಮೇಲೆ ಅದೇ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮೇಷ್ಟ್ರು ಶಾಲೆಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಹೋಗಿ, ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ತಿಳಿಸಿ ಬರುವುದು. ಇಂಥ ಮನುಷ್ಯನನ್ನು ಕೆಟ್ಟವನು ಎನ್ನಲಾದೀತೇ?

ಆ ಮಕ್ಕಳಲ್ಲಿ ಒಬ್ಬ ಹುಡುಗಿ. ಅವಳಿಗೊಂದು ಹೆಸರು ಇರಲಿ. ದಾನಮ್ಮ. ಹತ್ತಿರದ ಹಳ್ಳಿಯಲ್ಲಿ ಅವಳ ಅಪ್ಪನದು ಹಿಟ್ಟಿನ ಗಿರಣಿ. ತಾಯಿ ಇಲ್ಲದ ಮಗಳು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇದ್ದಳು. ಮಾತು ಕಡಿಮೆ, ಕೇಳುವುದು ಹೆಚ್ಚು. ಶನಿವಾರ ಬಂದವರಲ್ಲಿ ಒಬ್ಬರು, ದೊಡ್ಡ ಕಂಪನಿಯ ಸುರಕ್ಷತಾ ಅಧಿಕಾರಿ, ಇವಳ ಪ್ರಶ್ನೆಗಳನ್ನು ಕೇಳಿ ಮೆಚ್ಚಿಕೊಂಡರು. ಓದು ಮುಗಿದ ಮೇಲೆ ನಮ್ಮಲ್ಲಿಗೆ ಬಾ ಎಂದರು. ಬಿಡುವಾದಾಗ ಫೋನಿನಲ್ಲೂ ಅವಳಿಗೆ ಪಾಠ ಹೇಳುತ್ತಿದ್ದರು. ಅವರು ತರಗತಿಯಲ್ಲಿ ಒಂದು ಮಾತು ಹೇಳಿದ್ದರು: ತಪ್ಪು ಕಂಡರೆ ಮುಚ್ಚಿಡಬಾರದು, ಸಂಬಂಧಪಟ್ಟವರಿಗೆ ಹೇಳಬೇಕು, ಈ ವೃತ್ತಿಯ ಧರ್ಮವೇ ಅದು. ಮೇಷ್ಟ್ರು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದರು. ಉಳಿದವರು ಕೇಳಿದರು. ದಾನಮ್ಮ ನಂಬಿದಳು.

ಒಂದು ದಿನ ಅವಳು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ತನ್ನ ಹಾಸ್ಟೆಲ್ ಪುಟ ತೆರೆದು ನೋಡುತ್ತಿದ್ದಳು. ಮೇಲೆ ಪುಟದ ವಿಳಾಸದ ಕೊನೆಗೆ ಒಂದು ಸಂಖ್ಯೆ ಇತ್ತು. ಅದನ್ನು ಸ್ವಲ್ಪ ಬದಲಿಸಿದಳು. ಬೇರೊಬ್ಬ ಹುಡುಗಿಯ ಪುಟ ತೆರೆದುಕೊಂಡಿತು. ಫೋಟೋ, ಫೋನ್ ನಂಬರು, ಮನೆಯ ವಿಳಾಸ, ರೂಮು ಯಾವುದು, ಎಲ್ಲಾ. ಕಣ್ತಪ್ಪೇನೋ ಎಂದು ಇನ್ನೊಮ್ಮೆ ಬದಲಿಸಿದಳು. ಇನ್ನೊಬ್ಬಳ ಪುಟ. ಪುಟ ಮುಚ್ಚಿ ನೇರವಾಗಿ ಮೇಷ್ಟ್ರ ಕೋಣೆಗೆ ಬಂದಳು.

"ಸರ್, ನಮ್ಮ ಹಾಸ್ಟೆಲ್ ಹುಡುಗೇರ ಮಾಹಿತಿ ಎಲ್ಲಾ ಬಯಲಿಗೆ ಬಿದ್ದೈತ್ರಿ. ಯಾರ್ ಬೇಕಾದ್ರೂ ನೋಡಬಹುದು."

ಮೇಷ್ಟ್ರು ಕೂಡಲೇ ತಮ್ಮ ಕಂಪ್ಯೂಟರಿನಲ್ಲಿ ನೋಡಿದರು. ಅವರಿಗೆ ತಿಳಿಯದೆ ಹೋಗುತ್ತದೆಯೇ? ಆ ವಿದ್ಯೆಯನ್ನು ಕಲಿಸುವವರು. ಹುಡುಗಿ ಹೇಳಿದ್ದು ನಿಜವಾಗಿತ್ತು.

"ಬರೂವಾಗ ಆ ಕಂಪನಿ ಸರ್‌ಗೂ ಫೋನ್ ಮಾಡಿ ಹೇಳೀನ್ರಿ," ಎಂದಳು ಹುಡುಗಿ. "ಅವರು ಭಾಳ ಚಲೋ ಕೆಲಸ ಮಾಡೀದಿ, ನಿಮ್ಮ ಸರ್‌ಗೆ ಹೇಳು ಅಂದ್ರು."

ಆದರೆ ನೋಡಿ, ಅದೇ ವಾರ ದೊಡ್ಡ ಸಮಾರಂಭ. ಅದೇ ಅಧಿಕಾರಿಯ ಕಂಪನಿಗೂ ವಿಶ್ವವಿದ್ಯಾಲಯಕ್ಕೂ ಒಪ್ಪಂದಕ್ಕೆ ಸಹಿ ಬೀಳುವುದಿತ್ತು. ಬೇರೆ ಕಂಪನಿಗಳವರೂ ಬರುವವರಿದ್ದರು. ಎಷ್ಟೋ ಮಕ್ಕಳಿಗೆ ಕೆಲಸದ ದಾರಿ ತೆರೆಯುವ ದಿನ. ಸುರಕ್ಷತೆ ಕಲಿಸುವ ವಿಶ್ವವಿದ್ಯಾಲಯದಲ್ಲೇ ಸುರಕ್ಷತೆ ಇಲ್ಲ ಎಂಬ ಸುದ್ದಿ ಎದ್ದರೆ ಯಾರು ಬಂದಾರು? ಮೇಷ್ಟ್ರು ಯೋಚಿಸಿದ್ದು ತಮ್ಮ ಹೊಟ್ಟೆಯ ಬಗ್ಗೆ ಅಲ್ಲ, ಮಕ್ಕಳ ಬಗ್ಗೆಯೇ. ನಮ್ಮ ಮನಸ್ಸು ಹಾಗೆಯೇ ಅಲ್ಲವೇ? ತಪ್ಪು ಮಾಡುವಾಗಲೂ ಯಾರದೋ ಒಳ್ಳೆಯದನ್ನು ಮುಂದಿಟ್ಟುಕೊಳ್ಳುತ್ತದೆ.

"ಈ ವಾರ ಬ್ಯಾಡವಾ," ಎಂದರು. "ಕಾರ್ಯಕ್ರಮ ಮುಗೀಲಿ. ನಾನ ಕುಲಸಚಿವರಿಗೆ ಹೇಳ್ತೀನಿ. ನೀ ಯಾರ ಮುಂದನೂ ಬಾಯಿ ಬಿಡಬ್ಯಾಡ."

"ಆಗ್ಲಿ ಸರ್."

ಸಮಾರಂಭ ಆಯಿತು. ಸಹಿ ಆಯಿತು. ಮೇಷ್ಟ್ರಿಗೆ ಶಾಲು ಹೊದಿಸಿದರು. ಮರುದಿನ ಅವರು ಕುಲಸಚಿವರ ಕೋಣೆಯ ಬಾಗಿಲವರೆಗೆ ಹೋದರು. ಒಳಗೆ ಕುಲಸಚಿವರು ಯಾರಿಗೋ ಫೋನಿನಲ್ಲಿ ಮೇಷ್ಟ್ರನ್ನೇ ಹೊಗಳುತ್ತಿದ್ದರು. ಇಂಥ ಹೊತ್ತಿನಲ್ಲಿ ಯಾಕೆ ಎಂದುಕೊಂಡು ಮೇಷ್ಟ್ರು ತಿರುಗಿ ಬಂದರು. ದಾನಮ್ಮ ಮತ್ತೆ ಕೇಳಿದಳು. ಹೇಳ್ತೀನವಾ ಎಂದರು. ಮತ್ತೊಮ್ಮೆ ಕೇಳಿದಾಗ ಸಿಡುಕಿದರು. ಅವಳು ಕೇಳುವುದನ್ನು ಬಿಟ್ಟಳು.

ಆಮೇಲೆ ಹಾಸ್ಟೆಲಿನ ಹುಡುಗಿಯರ ಫೋನುಗಳು ಬಡಿದುಕೊಳ್ಳತೊಡಗಿದವು. ಎಲ್ಲಿಯವೋ ಗಂಡಸರ ದನಿಗಳು. ನಿನ್ನ ರೂಮು ಯಾವುದು ಗೊತ್ತು, ನಿನ್ನಪ್ಪ ಯಾರು ಗೊತ್ತು ಎನ್ನುವುದು. ಕೆಲವರ ಫೋಟೋಗಳನ್ನು ಕೆಟ್ಟದಾಗಿ ತಿದ್ದಿ ಎಲ್ಲರ ಮೊಬೈಲಿಗೂ ಹರಿಯಬಿಟ್ಟರು. ಒಬ್ಬಳ ನಿಶ್ಚಿತಾರ್ಥ ಮುರಿದುಬಿತ್ತು. ಬಹಳ ಕಷ್ಟಪಟ್ಟು ಹಟ ಹಿಡಿದು ಓದಲು ಬಂದಿದ್ದ ಹುಡುಗಿಯರನ್ನು ತಂದೆತಾಯಿಗಳು ಬಂದು ಎಳೆದುಕೊಂಡು ಹೋದರು. ಅವರಲ್ಲಿ ಎಷ್ಟೋ ಜನ ಮತ್ತೆ ಬರಲಿಲ್ಲ. ಹಾಳಾದದ್ದು ಒಂದು ಮನೆಯಲ್ಲ.

ಪೊಲೀಸರು ಬಂದರು. ವಿಶ್ವವಿದ್ಯಾಲಯ ವಿಚಾರಣಾ ಸಮಿತಿ ಮಾಡಿತು. ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರ, ತನ್ನ ಕುತ್ತಿಗೆಗೆ ಬರುತ್ತದೆಂದು ತಿಳಿದು, ಒಳಗಿನಿಂದ ಯಾರು ಬೇರೆಯವರ ಪುಟ ತೆರೆದಿದ್ದರು ಎಂದು ಹುಡುಕಿ ಹೇಳಿದ. ದಾನಮ್ಮ.

ಅವಳನ್ನು ಕರೆಸಿದರು. ಉದ್ದನೆಯ ಮೇಜು. ಒಂದು ಕಡೆ ಸಮಿತಿಯವರು, ಇನ್ನೊಂದು ಕಡೆ ಅವಳೊಬ್ಬಳೇ. ಸಮಿತಿಯಲ್ಲಿ ಮೇಷ್ಟ್ರೂ ಇದ್ದರು. ವಿಷಯ ತಿಳಿದವರು ಬೇಕಲ್ಲ.

"ನಾ ನೋಡೀದ್ದು ಖರೇರಿ," ಎಂದಳು ಹುಡುಗಿ. "ನೋಡಿ ಕೂಡ್ಲೇ ಸರ್‌ಗೆ ಹೇಳಿದ್ದೆ." ಹೇಳುವಾಗ ಅವಳ ಮುಖದಲ್ಲಿ ಭಯವೇ ಇರಲಿಲ್ಲ. ಎದುರಿಗೆ ತನ್ನ ಮೇಷ್ಟ್ರು ಕೂತಿದ್ದಾರಲ್ಲ, ಇನ್ನೇನು ಭಯ?

ಕುಲಸಚಿವರು ಮೇಷ್ಟ್ರ ಕಡೆ ತಿರುಗಿದರು. "ಹೌದೇನ್ರಿ ಸರ್? ನಿಮಗ ಮೊದ್ಲ ಗೊತ್ತಿತ್ತೇನು?"

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ? ಹೊರಗೆ ಆ ಹುಡುಗಿಯರ ಅಪ್ಪಂದಿರು ನಿಂತಿದ್ದರು. ಕೋರ್ಸು ಹೋಗುತ್ತದೆ, ಒಪ್ಪಂದ ಹೋಗುತ್ತದೆ, ಹೊದಿಸಿದ ಶಾಲು ಹೋಗುತ್ತದೆ. ಅವರು ಮೇಜಿನ ಮೇಲಿನ ಚಹಾದ ಲೋಟವನ್ನು ಸ್ವಲ್ಪ ಸರಿಸಿದರು.

"ಹುಡುಗ್ರು ಬಂದು ಹತ್ತಾರು ವಿಷಯ ಹೇಳ್ತಿರ್ತಾರ್ರಿ," ಎಂದರು. "ಇದು ನನಗ ನೆನಪಿಲ್ಲ."

ದಾನಮ್ಮ ಅವರನ್ನೇ ನೋಡಿದಳು. ಕಂಪನಿಯ ಸರ್‌ಗೆ ಫೋನ್ ಮಾಡ್ರಿ, ಅವರಿಗೂ ಗೊತ್ತು ಎಂದಳು. ಮಾಡಿದರು. ಆ ಕಡೆಯಿಂದ ಬಂದ ಉತ್ತರ ಕೋಣೆಯವರೆಲ್ಲ ಕೇಳಿದರು. "ಈ ವಿಷಯದಲ್ಲಿ ನಾನು ಏನೂ ಹೇಳೋ ಹಾಗಿಲ್ಲ. ನಮ್ಮ ಕಂಪನಿಯ ಲೀಗಲ್‌ನವರನ್ನ ಕೇಳಿ."

ಅವಳನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿದರು. ಕೇಸು ದಾಖಲಾಯಿತು. ಯಾವ ಹುಡುಗಿಯರಿಗಾಗಿ ಅವಳು ಮೇಷ್ಟ್ರ ಬಾಗಿಲು ತಟ್ಟಿದ್ದಳೋ ಅದೇ ಹುಡುಗಿಯರು ಅವಳ ಹಾಸಿಗೆ, ಬಟ್ಟೆ ತಂದು ಹಾಸ್ಟೆಲಿನ ಮುಂದೆ ಎಸೆದರು.

ಅಪ್ಪ ಬಂದ. ಹುಬ್ಬಿನ ಮೇಲೆ ಇನ್ನೂ ಹಿಟ್ಟು ಇತ್ತು, ಗಿರಣಿ ನಿಲ್ಲಿಸಿ ಹಾಗೇ ಹೊರಟುಬಂದಿದ್ದ. ಮಗಳನ್ನು ಆಟೋದಲ್ಲಿ ಕೂರಿಸಿ ಅವನೊಬ್ಬನೇ ಮೇಷ್ಟ್ರ ಹತ್ತಿರ ಬಂದ. ಕೈ ಮುಗಿದ.

"ಸರ್, ಊರಿಗೆ ಬಂದಾಗೆಲ್ಲ ಆಕಿ ನಿಮ್ಮ ಹೆಸರ ಹೇಳ್ತಿದ್ಲು. ಪೊಲೀಸರು ಏನ ಅನ್ಲಿ, ಪೇಪರ್‌ನ್ಯಾಗ ಏನ ಬರೀಲಿ. ನೀವು ಹೇಳ್ರಿ. ನನ್ನ ಮಗಳು ಇಂಥಾದ್ದು ಮಾಡ್ಯಾಳೇನ್ರಿ? ನೀವು ಇಲ್ಲ ಅಂದ್ರ ನಾ ಊರಾಗ ತಲಿ ಎತ್ತಿ ನಡೀತೀನಿ."

ಇಲ್ಲಿ ಸಮಿತಿ ಇರಲಿಲ್ಲ, ನೋಡಿ. ಬರೆದುಕೊಳ್ಳುವವರು ಇರಲಿಲ್ಲ. ಇದ್ದದ್ದು ಒಬ್ಬ ತಂದೆ. ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಮೇಷ್ಟ್ರ ನಾಲಿಗೆಯ ತುದಿಗೆ ಅದು ಬಂತು. ಇವನಿಗೆ ಹೇಳಿದರೆ ಇವನು ನಾಳೆ ಪೊಲೀಸರಿಗೆ ಹೇಳುತ್ತಾನಲ್ಲ ಎಂಬ ಯೋಚನೆ ಅದರ ಹಿಂದೆಯೇ ಬಂತು. ಮೇಷ್ಟ್ರು ನೆಲ ನೋಡಿದರು.

"ವಿಚಾರಣಿ ನಡದೈತಿ," ಎಂದರು. "ಕಾನೂನು ನೋಡ್ಕೊಳ್ತೈತಿ."

ಆ ಮನುಷ್ಯ ಮತ್ತೆ ಕೈ ಮುಗಿದು ಹೋದ. ಹೋಗುವಾಗ ಅವನು ಏನನ್ನು ಎತ್ತಿಕೊಂಡು ಹೋದ, ಹೇಳಿ? ತನ್ನ ಮಗಳು ತಪ್ಪು ಮಾಡಿದ್ದಾಳೆ ಎಂಬುದನ್ನು. ಪೊಲೀಸರ ಮಾತನ್ನು ಅವನು ನಂಬಿರಲಿಲ್ಲ. ಮೇಷ್ಟ್ರ ಮೌನವನ್ನು ನಂಬಿದ.

ತಿಂಗಳುಗಳು ಕಳೆದವು. ಶನಿವಾರದ ಪಾಠಗಳು ನಡೆದೇ ಇದ್ದವು, ಅತಿಥಿಗಳು ಬರುತ್ತಲೇ ಇದ್ದರು. ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ ಎನ್ನುತ್ತಾರೆ. ಆದರೆ ಊಟ ಬಿಟ್ಟರೆ ಯಾರಿಗೇನು ಬಂತು? ಕೊನೆಗೆ ಪೊಲೀಸರು ಬೇರೆ ರಾಜ್ಯದಲ್ಲಿ ನಿಜವಾದ ಕಳ್ಳರನ್ನು ಹಿಡಿದರು. ದಾನಮ್ಮನಿಗೆ ಕಂಡಿದ್ದ ತಪ್ಪೇ ಅವರಿಗೂ ಕಂಡಿತ್ತು, ಅವಳಿಗಿಂತ ಬಹಳ ತಡವಾಗಿ. ಅವಳು ಹೇಳಿದ ದಿನವೇ ಮೇಷ್ಟ್ರು ಕುಲಸಚಿವರಿಗೆ ತಿಳಿಸಿ ಸರಿಪಡಿಸಿದ್ದರೆ ಆ ಕಳ್ಳರಿಗೆ ಏನೂ ಸಿಗುತ್ತಿರಲಿಲ್ಲ. ಹುಡುಗಿಯ ಮೇಲಿನ ಕೇಸು ಬಿದ್ದುಹೋಯಿತು.

ಸುದ್ದಿ ತಿಳಿದ ದಿನವೇ ಮೇಷ್ಟ್ರು ಬಸ್ಸು ಹತ್ತಿ ಆ ಹಳ್ಳಿಗೆ ಹೋದರು. ಅಪ್ಪನ ಮುಂದೆ ನಿಂತು ಎಲ್ಲಾ ಹೇಳಬೇಕು, ಬೇಕಿದ್ದರೆ ಕಾಲು ಹಿಡಿಯಬೇಕು ಎಂದುಕೊಂಡಿದ್ದರು. ಗಿರಣಿ ಓಡುತ್ತಿತ್ತು. ದಾನಮ್ಮ ಜೋಳ ಹಾಕುತ್ತಿದ್ದಳು. ಇವರನ್ನು ನೋಡಿ ಮಷಿನ್ ನಿಲ್ಲಿಸಿದಳು, ಚೀಲದ ಮೇಲಿನ ಹಿಟ್ಟು ಕೊಡವಿ ಕೂರಲು ಹೇಳಿದಳು, ನೀರು ತಂದುಕೊಟ್ಟಳು.

"ಅಪ್ಪ ಎಲ್ಲಿದಾರವಾ?"

"ತೀರ್ಕೊಂಡ್ರಲ್ರಿ. ಎದಿನೋವು ಬಂತು, ದವಾಖಾನಿ ಮುಟ್ಟಲಿಲ್ಲ."

ಮೇಷ್ಟ್ರು ಕೈಯಲ್ಲಿದ್ದ ನೀರನ್ನು ಕುಡಿಯಲಿಲ್ಲ. "ನಿನ್ನ ಜೋಡಿ..." ಎಂದು ಮಾತು ತೆಗೆದರು, ಮುಂದೆ ಕೇಳಲಾಗಲಿಲ್ಲ.

"ಮಾತಾಡ್ತಿರ್ಲಿಲ್ರಿ," ಎಂದಳು ಅವಳು. "ಆಟೋದಾಗ ಕೂತಾಗಿಂದ ಬ್ಯಾರೆ ಮಾತಿಲ್ಲ. ನಾ ಎಷ್ಟ್ ಹೇಳಿದ್ರೂ, ನಿಮ್ಮ ಸರ್ ಯಾಕ ಸುಮ್ಮನಿದ್ರು ಅಂತ ಅದೊಂದ ಕೇಳ್ತಿದ್ರು."

ಮೇಷ್ಟ್ರು ಅತ್ತರು. ನನಗೆಲ್ಲಾ ನೆನಪಿತ್ತವಾ, ನೀ ನಿಂತು ಹೇಳಿದ್ದು ಒಂದೊಂದು ಮಾತೂ ನೆನಪಿತ್ತು ಎಂದರು. ಮತ್ತೆ ಓದಲು ಬಾ, ಎಲ್ಲರ ಮುಂದೆ ನಿಂತು ಹೇಳುತ್ತೇನೆ ಎಂದರು.

ಹುಡುಗಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ನನಗ ಹೇಳಿ ಏನ್ ಮಾಡ್ತೀರಿ ಸರ್?" ಎಂದಳು. "ನನಗ ಗೊತ್ತಿತ್ತಲ್ರಿ. ಗೊತ್ತಾಗಬೇಕಾದವರು ಹೋದ್ರು."

ಹೊರಗೆ ಯಾರೋ ಬುಟ್ಟಿ ತಂದು ಕಾಯುತ್ತಿದ್ದರು. ಅವಳು ಎದ್ದು ಮಷಿನ್ ಹಾಕಿದಳು. ಆ ಸದ್ದಿನಲ್ಲಿ ಮುಂದೆ ಮಾತಿಗೆ ಜಾಗವಿರಲಿಲ್ಲ. ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ನಡೆದರು. ಮರುದಿನ ಕುಲಸಚಿವರ ಮುಂದೆ ಹೋಗಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದರು. ಕುಲಸಚಿವರು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡು, "ಮುಗದ್ಹೋದ ಮಾತು ಈಗ್ಯಾಕ್ರಿ ಸರ್?" ಎಂದರು. ಅಷ್ಟೇ. ಶಿಕ್ಷೆಯೂ ಸಿಗಲಿಲ್ಲ.

ಇದರ ಕೊನೆಗೆ ಒಂದು ಸಮಾಧಾನದ ಮಾತು ಹೇಳುತ್ತೇನೆ ಎಂದು ನೀವು ಕಾಯುತ್ತಿದ್ದೀರಿ. ನನ್ನ ಹತ್ತಿರ ಇಲ್ಲ. ದೇವರು ಮೇಷ್ಟ್ರನ್ನು ಕ್ಷಮಿಸಬಹುದು. ಆ ಅಪ್ಪನಿಗೆ ಹೋಗಿ ಹೇಳುವವರು ಯಾರು?

ಈಗ ನಿಮ್ಮ ಮಾತಿಗೆ ಬರೋಣ. ನೀವು ವಿಶ್ವವಿದ್ಯಾಲಯದವರಲ್ಲ, ಸರಿ. ಆದರೆ ಮನೆಯಲ್ಲಿ ಸೊಸೆಯ ಮೇಲೆ ಒಂದು ಮಾತು ಬಂದಾಗ, ಅದು ಸುಳ್ಳೆಂದು ಗೊತ್ತಿದ್ದೂ ತಟ್ಟೆ ನೋಡಿಕೊಂಡು ಉಣ್ಣುತ್ತಾ ಕೂತವರು ಯಾರು? ಆಫೀಸಿನಲ್ಲಿ ಕೈಕೆಳಗಿನವನ ತಲೆಗೆ ತಪ್ಪು ಕಟ್ಟುವಾಗ, ಅವನು ನನಗೆ ಮೊದಲೇ ಹೇಳಿದ್ದ ಎಂದು ಎದ್ದು ನಿಂತಿರಾ? ಮಗಳು ಬಂದು, ಆ ಟ್ಯೂಷನ್ನಿಗೆ ಹೋಗಲು ನನಗೆ ಹೆದರಿಕೆ ಎಂದಾಗ, ಪರೀಕ್ಷೆ ಮುಗಿಯಲಿ ನೋಡೋಣ ಎಂದರಲ್ಲ, ಆ ತಾಯಿ ಇಲ್ಲೇ ಎಲ್ಲೋ ಕೂತಿದ್ದಾರೆ. ಯಾರಾದರೂ ನಿಮ್ಮನ್ನು ನಂಬಿ ಒಂದು ಕೆಟ್ಟ ಸುದ್ದಿ ತಂದರೆ ಅವತ್ತೇ ಎದ್ದು ಮುಟ್ಟಿಸಬೇಕಾದಲ್ಲಿಗೆ ಮುಟ್ಟಿಸಿ. ಮದುವೆ ಇರಲಿ, ಹಬ್ಬ ಇರಲಿ, ಸನ್ಮಾನ ಇರಲಿ. ನಿಮಗೆ ಗೊತ್ತಿತ್ತೇ ಎಂದು ಕೇಳಿದರೆ ಗೊತ್ತಿತ್ತು ಎನ್ನಿ. ಆಮೇಲೆ ಏನಾದರೂ ಆಗಲಿ.

ಕೆಲವರು ತಲೆ ತಗ್ಗಿಸಿದ್ದೀರಿ. ತಲೆ ತಗ್ಗಿಸಿದರೆ ಸಾಲದು. ಅಂಥ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಇಲ್ಲಿಗೆ ಬಂದವರು ಇವತ್ತು ಪ್ರಸಾದದ ಸಾಲಿನಲ್ಲಿ ನಿಲ್ಲಬೇಡಿ. ಮಂಗಳಾರತಿಗೂ ಕಾಯಬೇಡಿ. ಹೊರಗೆ ಹೋಗಿ, ಯಾರಿಗೆ ಹೇಳಬೇಕೋ ಅವರಿಗೆ ಫೋನ್ ಮಾಡಿ. ಅವರು ಎತ್ತಿದರೆ, ಅದೇ ಇವತ್ತಿನ ನಿಮ್ಮ ಪ್ರಸಾದ.