ಅಪ್ಪನಿಗೆ ಕಹಿ ಚಾಕ್ಲೇಟು

…ಹೋದ ಸೋಮವಾರ ಮಧ್ಯಾಹ್ನ ಕಣಮ್ಮ. ಇದೇ ಬಾಗಿಲ ತನಕ ಬಂದು ವಾಪಸ್ ಹೋದೋನು ನಾನೇ. ನೀನು ಆ ಕಲ್ಲಿನ ಯಂತ್ರದಾಗೆ ಅದೇನೋ ಬೀಜ ರುಬ್ತಾ ಇದ್ದೆ, ತಲೆ ಎತ್ತಲಿಲ್ಲ. ನನಗೂ ಒಳಗೆ ಬರಾಕೆ ನಾಚಿಕೆ. ಮಧುಗಿರಿ ಬಸ್‌ಸ್ಟ್ಯಾಂಡ್ ಹಿಂದುಗಡೆ ಇಂಥಾ ತಣ್ಣನೆ ಅಂಗಡಿ, ಗಾಜಿನ ಪೆಟ್ಟಿಗೆ, ಒಂದೊಂದು ತುಂಡಿಗೂ ಒಂದೊಂದು ಹೆಸರು… ಯಾಕೆ ನಗ್ತೀಯ? ಚಪ್ಪಲಿ ಹೊರಗೆ ಬಿಟ್ಟು ಬಂದೆ ಅಂತಲಾ? ಇರಲಿ ಬುಡು.

ನಾನು ಹಾಲೇಶ. ಚನ್ನರಾಯನದುರ್ಗದ ಕಡೆಯೋನು. ನೀನು ರಕ್ಷಾ ತಾನೆ, ಹೊರಗಿನ ಬೋರ್ಡಿನಾಗೆ ಐತಲ್ಲ. ಚಾಕ್ಲೇಟು ನನಗಲ್ಲ ಕಣಮ್ಮ, ನಮ್ಮಪ್ಪನಿಗೆ. ಸಕ್ಕರೆ ಕಾಯಿಲೆ ಅವರಿಗೆ. ಅದಕ್ಕೇ ಸಕ್ಕರೆ ಸೋಕದ್ದು ಕೊಡು, ಬರೀ ಕಪ್ಪಂದು. ಹುಣಸೆಹಣ್ಣಿಂದು ಬೇಡ. ಕಡ್ಲೆಕಾಯಿ ಬೀಜದ್ದೂ ಬೇಡ. ರುಚಿ ನೋಡಬೇಕಾ? ಕೊಡು… ಅಬ್ಬ. ಬೇವಿನ ಕಷಾಯ ವಾಸಿ. ಇದೇ ಸರಿ. ಇದಕ್ಕಿಂತ ಕಹಿ ಇನ್ನೊಂದಿಲ್ಲ ತಾನೆ?

ಏನು, ಅಪ್ಪನ ತೂಕವಾ? ತೂಕ ನೋಡಿ ದಿನಕ್ಕೆ ಎಷ್ಟು ತಿನ್ನಬಹುದು ಅಂತ ಹೇಳ್ತೀಯಾ? ಓದಿರೋರು ಓದಿರೋರೇ ಬುಡು. ಹೇಳ್ತೀನಿ, ಆಮೇಲೆ ಹೇಳ್ತೀನಿ.

ಮೊದಲು ಇದು ಹೇಳು. ಇದನ್ನ ಬೆಲ್ಲದ ಜೊತೆ ಕುಟ್ಟಿ ಉಂಡೆ ಕಟ್ಟಿದ್ರೆ ಕಹಿ ಗೊತ್ತಾಗುತ್ತಾ?

ಅಂಗ್ಯಾಕೆ ನೋಡ್ತೀಯ… ಓ, ಸಕ್ಕರೆ ಕಾಯಿಲೆಗೆ ಬೆಲ್ಲವಾ ಅಂತಲಾ? ಚೂರೇ ಚೂರು ಕಣಮ್ಮ, ಬಾಯಿ ರುಚಿಗೆ. ಬೆಲ್ಲ, ಕೊಬ್ಬರಿ ಅಂದ್ರೆ ಪ್ರಾಣ ಅವರಿಗೆ. ಬೇರೆ ಏನೂ ಮುಟ್ಟಲ್ಲ. ಮೊನ್ನೆ ಕೋಳಿ ಕಾಲು ಎಸೆದ್ವಿ, ಮೂಸಿ ಕೂಡ ನೋಡಲಿಲ್ಲ.

ಎಸೆದ್ವಿ ಅಂದ್ನಾ? ಬಡಿಸಿದ್ವಿ. ನಮ್ಮೂರಿನ ಮಾತು ಒರಟು, ನೀನು ತೂಕ ಹಾಕು.

ಆ ಗೋಡೆ ಮೇಲಿಂದು ನೀನೇ ಬರೆದಿದ್ದಾ? ಕಪ್ಪು ಚಾಕ್ಲೇಟು ನಾಯಿಗೆ ಹಾಕಬೇಡಿ, ಜೀವಕ್ಕೆ ಅಪಾಯ ಅಂತ. ಸೋಮವಾರ ಬಾಗಿಲಾಗೆ ನಿಂತು ಅದನ್ನೇ ಓದ್ತಾ ಇದ್ದೆ. ನಮ್ಮ ಕಡೆ ಯಾರಿಗೂ ಗೊತ್ತಿಲ್ಲ ನೋಡು. ಒಳ್ಳೇದಕ್ಕೇ ಬರೆದಿದ್ದೀಯ… ಓದೋರು ಯಾರು ಅಂತ ನೀನೇನು ಕಂಡೆ.

ನಾಯಿ ಅಂದ್ರೆ ನೆನಪಾಯ್ತು. ನಮ್ಮ ಬೆಟ್ಟದ ಮೇಲೆ ಹಳೇ ಬಸವಣ್ಣನ ಗುಡಿ ಐತೆ. ರುದ್ರಮುನಿ ಅಯ್ನೋರು ಅಲ್ಲೇ ಒಬ್ಬರೇ ಇರೋದು, ಒಂದು ನಾಯಿ ಕಟ್ಕೊಂಡು. ಅಯ್ನೋರ ಮನೆ ನಾಯಿ, ಮಾಂಸ ಕಂಡಿದ್ದೇ ಇಲ್ಲ. ಮರಿಯಿಂದ ಬೆಲ್ಲ ಕೊಬ್ಬರಿ ಪ್ರಸಾದದಾಗೇ ಬೆಳೀತು… ತೂಕ ಹಾಕಮ್ಮ, ಕೈ ಯಾಕೆ ನಿಂತೋಯ್ತು?

ಬಸವಣ್ಣನ ಕೆಳಗೆ ಪಾಳೇಗಾರರ ನಿಧಿ ಐತೆ ಅಂತ ಜನ ಆಡ್ಕೋತಾರೆ. ಹೋದ ಅಮಾಸೆ ಯಾರೋ ಅಗೀತಾ ಇದ್ದರಂತೆ. ಪಾವಗಡದ ಕಡೆ ಸ್ವಾಮಿ ಒಬ್ಬ ಬಂದಿದ್ದನಂತೆ, ಅಗೆಯೋವಾಗ ನಾಯಿ ಕೂಗಿದ್ರೆ ಚಿನ್ನ ಇದ್ದಲಾಗುತ್ತೆ ಅಂದಿದ್ದನಂತೆ. ಮಂಡಿಯುದ್ದ ಅಗೆದಿರಲಿಲ್ಲ, ಕೂಗ್ತು. ಕೆಳಗೆ ಊರಾಗೆಲ್ಲ ದೀಪ ಹತ್ಕೊಂಡ್ವು. ಬಿದ್ದೂ ಎದ್ದೂ ಇಳಿದ್ವಿ… ಇಳಿದ್ರಂತೆ. ಈ ಗಾಯವಾ? ಇದು ಗಾಡಿಯಿಂದ ಬಿದ್ದಿದ್ದು.

ಅಯ್ನೋರಿಗೆ ಕಿವಿ ಮಂದ. ನಾಯಿ ಮೈಮೇಲೆ ಬಿದ್ದು ಎಬ್ಬಿಸಿದ್ರೇನೇ ಎಚ್ಚರ. ಎಚ್ಚರ ಆಗದಿದ್ರೇ ಅವರಿಗೆ ಒಳ್ಳೇದು ಕಣಮ್ಮ. ಸ್ವಾಮಿ ಜೊತೆ ಇರೋರು ಸರಿ ಇಲ್ಲ. ಈ ಸಲ ಮುದುಕ ಎದ್ದು ಬಂದ್ರೆ ಅವನನ್ನೂ ಅದೇ ಗುಂಡಿಗೆ ಹಾಕಾಣ ಅಂದ್ರು ಅವರು. ನಗ್ತಾ ಅಂದ್ರು. ನಾನು ಕೇಳಿದ್ದು ಹೇಳ್ತಾ ಇದ್ದೀನಿ, ಅಷ್ಟೇ.

ಯಂತ್ರ ಯಾಕೆ ನಿಲ್ಲಿಸಿದೆ?

ಅದೇನು ಹಿಂದಕ್ಕೆ ತಿರುಗಿ ನೋಡ್ತೀಯ… ಆ ಫೋಟೋ ಯಾರ್ದು? ಸರಿ, ಕಾಣ್ಲಿ. ವಿಭೂತಿ ಹಚ್ಕೊಂಡಿರೋ ಮುದುಕ. ಪಕ್ಕದಾಗೆ ಕಂದು ನಾಯಿ, ಒಂದು ಕಿವಿ ಮುರುಟಿರೋದು…

ನಿಮ್ಮ ತಾತನಾ?

ಅಲ್ಲ ಅಂತ ತಲೆ ಆಡಿಸು ಕಣಮ್ಮ. ಒಂದು ಸಲ ಆಡಿಸು.

ಅದಕ್ಕೇನಾ ಗೋಡೆ ಮೇಲೆ ಬರೆದಿದ್ದು? ನಿನ್ನ ಕೈಯಿಂದಲೇ ಒಂದು ಸಲ ಚಾಕ್ಲೇಟು ತಿಂದು ಕಾಯಿಲೆ ಬಿದ್ದಿತ್ತಾ ಅದು? ಗೊತ್ತಿದ್ರೆ ಈ ಅಂಗಡಿಗೆ ಬರ್ತಿರಲಿಲ್ಲ ನಾನು. ಬಸವಣ್ಣನ ಆಣೆ.

ಫೋನು ಕೆಳಗಿಡು. ಇಡು ಅಂದೆ. ನನ್ನ ಹೆಸರು ಹೇಳಿದ್ರೆ ಇವತ್ತು ನನ್ನೊಬ್ಬನ್ನ ಹಿಡಿತಾರೆ. ಉಳಿದೋರು ಎಲ್ಲವ್ರೆ ಅಂತ ನನಗೂ ಗೊತ್ತಿಲ್ಲ. ಅಮಾಸೆ ನಾಳಿದ್ದು. ನಾನಿದ್ರೂ ಇಲ್ಲದಿದ್ರೂ ಅವರು ಬೆಟ್ಟ ಹತ್ತೋದು ಹತ್ತೋದೇ. ನಾಯಿ ಎಬ್ಬಿಸಿದ್ರೆ ತಾತ ಎದ್ದು ಬರ್ತಾರೆ. ಎಬ್ಬಿಸದಿದ್ರೆ ಬೆಳಗಾಗೋ ತನಕ ಮಲಗಿರ್ತಾರೆ, ಬೆಳಿಗ್ಗೆ ಎದ್ದು ಗುಂಡಿ ನೋಡ್ತಾರೆ. ಅಷ್ಟೇ ಆಗೋದು. ನಾನು ಯೋಚನೆ ಮಾಡಿಯೇ ಬಂದಿದ್ದು.

ಹ್ಞಾ, ಇಟ್ಟೆಯಲ್ಲ.

ಬೈಯೋದಿದ್ರೆ ಬೈಯಿ. ಫೋನಿನ ಮೇಲೆ ಇನ್ನೂ ಕೈ ಇಟ್ಕೊಂಡಿದ್ರೆ ನಾನೇನಂತ ತಿಳ್ಕೊಳ್ಳಲಿ?

…ಆಯ್ತು. ಅಪ್ಪನ ತೂಕ ಕೇಳಿದ್ದೆಯಲ್ಲ.

ಹದಿನೆಂಟು ಕೆಜಿ.