ಚಳಿ ಹೋಯ್ತು, ಅಮ್ಮ

ನಾಲ್ಕು ತಲೆಮಾರಿನಿಂದ ನಮ್ಮ ಮನೆತನದ ಮಾತಿಗೆ ಯಾರೂ ಸಾಕ್ಷಿ ಕೇಳಿದವರಿಲ್ಲ. ಮುತ್ತಾತ ಶಾಲೆಯ ಮುಖ್ಯೋಪಾಧ್ಯಾಯರು. ತಾತ ನ್ಯಾಯಾಲಯದಲ್ಲಿ ದುಭಾಷಿ. ಇನ್ನೊಬ್ಬರ ಮಾತಿಗೆ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿ ಬದುಕಿದವರು. ಆ ಮನೆಯಲ್ಲಿ ಹುಟ್ಟಿದ ನನ್ನ ತಂಗಿ, ಚಿಕ್ಕಪ್ಪನ ಮಗಳು, ಸುಳ್ಳು ಹೇಳುವವಳಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ತಂಗಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಮಗುವಿಗಾಗಿ ಮೂರು ಸಲ ಚಿಕಿತ್ಸೆ ಮಾಡಿಸಿಕೊಂಡಳು. ಹೊಟ್ಟೆಯ ತುಂಬ ಸೂಜಿ ಚುಚ್ಚಿದ ನೀಲಿ ಕಲೆಗಳು. ಮೂರು ಸಲವೂ ಆಸ್ಪತ್ರೆಯಿಂದ ಫೋನಿನಲ್ಲಿ ಒಂದೇ ಮಾತು: "ಗರ್ಭ ನಿಂತಿಲ್ಲಮ್ಮ." ಮೂರನೆಯ ಸಲ ಆ ಮಾತು ಕೇಳಿದಾಗ ಅವಳ ಕೈಯಲ್ಲಿ ಯಾರದೋ ಮಗುವಿನ ಪುಟ್ಟ ಕಾಲರಿತ್ತು. ಅದನ್ನು ಹೊಲಿದು ಮುಗಿಸಿಯೇ ಎದ್ದಳು.

ನಾದಿನಿ ನಕ್ಕಳು. "ಊರ ಮಕ್ಕಳಿಗೆಲ್ಲ ಅಂಗಿ ತೊಡಿಸ್ತೀರಿ, ಅತ್ತಿಗೆ. ನಿಮ್ಮ ಮಡಿಲ ಅಳತೆಗೆ ಮಾತ್ರ ಒಂದೂ ಸಿಗ್ತಿಲ್ಲ!"

ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿಟ್ಟ ತಂಗಿಯವೇ ಎರಡು ಭ್ರೂಣಗಳು ಇನ್ನೂ ಉಳಿದಿದ್ದವು. ಅವಕ್ಕೆಂದು ಎರಡು ಅಂಗಿ ಹೊಲಿದಳು. ಒಂದೊಂದು ಗುಂಡಿಯನ್ನೂ ಅದರದರ ಕಾಜಕ್ಕೆ ಹಾಕಿ, ಮಡಿಸಿ, ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಸೊಂಟದಲ್ಲಿ.

"ಮುಂದಿನ ಚಿಕಿತ್ಸೆಗೆ ಆಸ್ಪತ್ರೆಯವರು ಕರೆದರೇನ್ರೀ?"

"ಇನ್ನೂ ಇಲ್ಲ ಕಣೇ. ಅವಸರ ಯಾಕೆ?" ಎನ್ನುತ್ತಿದ್ದ ಗಂಡ. ಹೀಗೇ ಹನ್ನೊಂದು ತಿಂಗಳು.

ಶಾಲೆ ತೆರೆಯುವ ಹಿಂದಿನ ದಿನ ಹೊಲಿಗೆ ಅಂಗಡಿಯಲ್ಲಿ ಕೆಲಸ ಮುಗಿದಾಗ ರಾತ್ರಿ ಹನ್ನೊಂದು. ಒಬ್ಬಳೇ ಹೊರಟಳು. ದಾರಿಯಲ್ಲಿ ಕಬ್ಬಿಣದ ತಗಡು ಮುಚ್ಚಿದ ಹಳೆಯ ಬಾವಿ. ಚಪ್ಪಲಿ ಚಟ್... ಚಟ್... ಎನ್ನುತ್ತಿತ್ತು. ನಿಂತಳು. ಚಪ್ಪಲಿಯ ಸದ್ದೂ ನಿಂತಿತು. ಹಿಂದೆ ಇನ್ನೊಂದು ಸದ್ದು ನಿಲ್ಲಲಿಲ್ಲ. ಪಿಚ್... ಪಿಚ್... ಒದ್ದೆ ಪಾದದ ಸದ್ದು. ಪುಟ್ಟ ಪಾದ. ಒಂದು ಜೊತೆಯಲ್ಲ... ಎರಡು.

ಬಾವಿಯ ತಗಡಿನ ಮೇಲೆ ಉಗುರು ಎಳೆದಂತೆ ಕರ್ರ್... ಎಂದಿತು.

"ಯಾರದು?" ಪಿಸುಗುಟ್ಟಿದಳು.

"ನಾವು."

"ಯಾರ ಮಕ್ಕಳು?"

"ಚಳಿ ಹೋಯ್ತು, ಅಮ್ಮ."

ಅವಳು ಸೊಂಟದ ಬೀಗದ ಕೈ ಹಿಡಿದುಕೊಂಡಳು. "ಯಾವಾಗ?"

"ಅಪ್ಪ ರುಜು ಹಾಕಿದ ದಿನ... ನಿನ್ನ ರುಜು ಅತ್ತೆ ಹಾಕಿದ್ಳು."

ಮಕ್ಕಳಿಗೆ ಅತ್ತೆ, ಅವಳಿಗೆ ನಾದಿನಿ. ತಿರುಗಿ ನೋಡಿದಳು. ಬೀದಿದೀಪ ಬಿಟ್ಟರೆ ಏನೂ ಇಲ್ಲ.

ಮನೆಯಲ್ಲಿ ಗಂಡನೂ ನಾದಿನಿಯೂ ಊಟಕ್ಕೆ ಕುಳಿತಿದ್ದರು. ತಂಗಿ ಬಾಗಿಲಲ್ಲೇ ನಿಂತು ಕೇಳಿದಳು. "ರುಜು ಯಾವತ್ತು ಹಾಕಿದ್ರಿ?"

ಗಂಡನ ಚಮಚ ತಟ್ಟೆಗೆ ಬಿತ್ತು. ಠಣ್. 'ಯಾವ ರುಜು' ಎಂದು ಅವನು ಕೇಳಲಿಲ್ಲ. "ನಿನಗೆ ಯಾರು ಹೇಳಿದ್ರು?" ಎಂದ.

"ನಿಮ್ಮ ಒಳ್ಳೇದಕ್ಕೇ, ಅತ್ತಿಗೆ," ಎಂದಳು ನಾದಿನಿ. "ಇನ್ನೊಂದು ಸಲ ಅಳೋದು ಬೇಡ ಅಂತ..."

"ನಾನು ಅಳಬೇಕೋ ಬೇಡವೋ ಅಂತ ನೀವಿಬ್ಬರು ಸೇರಿ ತೀರ್ಮಾನ ಮಾಡಿದ್ರಾ?"

ಮರುದಿನ ಆಸ್ಪತ್ರೆಯಲ್ಲಿ ಕಾಗದ ಸಿಕ್ಕಿತು. ಭ್ರೂಣಗಳನ್ನು ಇಟ್ಟುಕೊಳ್ಳುವುದು ಬೇಡ, ಎಸೆಯಿರಿ ಎಂಬ ಒಪ್ಪಿಗೆ. ಹತ್ತು ತಿಂಗಳ ಹಿಂದಿನ ತಾರೀಕು. ತಂಗಿಯ ಹೆಸರು, ನಾದಿನಿಯ ಬರಹ. ಈ ವಿಷಯ ಅಲ್ಲಿಂದ ಯಾರಿಗೂ ಹೇಳಿಲ್ಲವೆಂದು ದಾದಿ ಆಣೆಯಿಟ್ಟಳು.

ಈಗ ಅವರಿಬ್ಬರೂ ಬೀದಿಯಲ್ಲೆಲ್ಲ ಏನು ಹಬ್ಬಿಸಿದ್ದಾರೆ? ಮಗುವಾಗದೆ ಅವಳಿಗೆ ತಲೆ ಕೆಟ್ಟಿದೆಯಂತೆ. ಬಾವಿಯ ಜೊತೆ ಮಾತಾಡುತ್ತಾಳಂತೆ. ಊರಿಗಿಂತ ಮುಂಚೆ ಕಳ್ಳರೇ 'ಕಳ್ಳ, ಕಳ್ಳ' ಎಂದು ಕೂಗಿದ ಹಾಗೆ!

ತಂಗಿ ತಗಡಿನ ಪೆಟ್ಟಿಗೆಯೊಂದನ್ನೇ ಹಿಡಿದು ನಮ್ಮ ಮನೆಗೆ ಬಂದಳು. ಬೀಗ ಹಾಕಿದ ಹಾಗೇ ಇತ್ತು. ಎಲ್ಲರ ಎದುರಿಗೆ ತೆಗೆದಳು. ಎರಡು ಅಂಗಿಗಳೂ ಮಡಿಸಿಟ್ಟಂತೆಯೇ ಇದ್ದವು. ಗುಂಡಿಗಳು ಮಾತ್ರ... ಮೇಲಿನ ಗುಂಡಿ ಎರಡನೆಯ ಕಾಜದಲ್ಲಿ, ಎರಡನೆಯದು ಮೂರನೆಯದರಲ್ಲಿ. ಮಕ್ಕಳು ತಾವೇ ಅಂಗಿ ತೊಟ್ಟುಕೊಂಡಾಗ ಆಗುವ ಹಾಗೆ.

ಇದು ನಡೆದದ್ದು. ನಾನು ಕಣ್ಣಾರೆ ಕಂಡದ್ದು. ಅವರಿಬ್ಬರೂ ನಮ್ಮ ಬಾಗಿಲಿಗೆ ಬಂದು, ಹಗಲಿನಲ್ಲಿ, ನಾಲ್ಕು ಜನ ಕೇಳುವಂತೆ ತಂಗಿಯ ಕ್ಷಮೆ ಕೇಳಬೇಕು.