ಅಜ್ಜಿಯ ಪೆಟ್ಟಿಗೆಯ ಕೀ

೧೯೮೩. ಶಂಕರಪುರದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ನಡುವಯಸ್ಸಿನ ಗೆಳತಿಯರು ನಿಂತಿದ್ದರು.

“ಸಣ್ಣವರಿದ್ದಾಗ ಕೀಯ ತೂತಿಗೆ ಬೆಂಕಿಕಡ್ಡಿಯ ಮದ್ದು ತುಂಬಿಸಿ, ಮೊಳೆ ಸಿಕ್ಕಿಸಿ ಗೋಡೆಗೆ ಬಡಿಯುತ್ತಿದ್ದೆವು, ನೆನಪುಂಟಾ ಝೈನಬ್?”

“ಹುಬ್ಬು ಸುಟ್ಟದ್ದು ನನ್ನದಲ್ವಾ ಮನೋರಮಾ! ಎಂತ ಶಬ್ದ ಮಾರಾಯ್ತಿ!”

“ಕೊನೆಗೆ ನಮ್ಮ ಅಜ್ಜಿಯ ಪೆಟ್ಟಿಗೆಯ ಕೀ ಒಡೆದೇ ಹೋಯಿತು.”

“ನೀನು ಅದನ್ನು ಮಲ್ಲಿಗೆ ಗಿಡದ ಬುಡದಲ್ಲಿ ಹೂತುಹಾಕಿದೆ.”

“ಕೀ ಕಳೆದುಹಾಕಿದ್ದು ತಾನೇ ಅಂತ ಅಜ್ಜಿ ಸಾಯುವವರೆಗೂ ಹೇಳಿದರು. ಮೊನ್ನೆ ಬೀಗ ಒಡೆಸಿದೆವು.”

“ಒಳಗೆ ಎಂತ ಇತ್ತು?”

“ಪಟ್ಟೆ ಸೀರೆಯ ಮೇಲೆ ಅದೇ ಒಡೆದ ಕೀ. ಮೊಳೆ ಸಮೇತ.”

“ಬೀಗ ಹಾಕಿದ ಪೆಟ್ಟಿಗೆಯ ಒಳಗಾ?”

“ಅವರಲ್ಲಿ ಇನ್ನೊಂದು ಕೀ ಇತ್ತು. ಎಲ್ಲವೂ ಗೊತ್ತಿತ್ತು.”

ಬಸ್ಸು ಬಂತು. ಝೈನಬ್ ಮೆಟ್ಟಿಲಲ್ಲೇ ತಿರುಗಿದರು.

“ಆ ಇನ್ನೊಂದು ಕೀ ಎಲ್ಲಿ ಈಗ?”

“ಇನ್ನೂ ಸಿಗಲಿಲ್ಲ. ನಮಗೆ ಹೆದರಿ ಅಜ್ಜಿ ಅಡಗಿಸಿದ್ದಲ್ವಾ!”